ಎಡಗಡೆಯ ಲಾಳಿ

ಚಳ್ಳಕೆರೆ
9 ಫೆಬ್ರವರಿ 2025

ಬಾವ ದೇವೇಂದ್ರ ಅವರಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಕಾಗದವನ್ನು ಬ್ಲಾಕ್ ಮಾಡಲು ಆಗುವುದಿಲ್ಲ, ಹರಿಯಬಹುದು ಅಷ್ಟೇ. ಹರಿಯುವ ಮುಂಚೆ ಓದಿ.

ಹೋದ ಭಾನುವಾರ ನಾನು ಮೊಳಕಾಲ್ಮುರಿಗೆ ಬಂದಾಗ ರಾಯದುರ್ಗದ ನೆಂಟರು ನಿಮಗೆ ಹೆಣ್ಣು ಕೊಡುವ ಮಾತಾಡಲು ಬಂದಿದ್ದರು. ಅವರನ್ನು ಕೂರಿಸಿದ್ದು ಎಲ್ಲಿ? ಮಗ್ಗದ ಕೋಣೆಯಲ್ಲಿ, ನನ್ನ ಅಕ್ಕ ದಿವ್ಯಶ್ರೀ ಮಲಗಿರುವ ಮಂಚದ ಪಕ್ಕದಲ್ಲಿ. ನಿಮ್ಮ ಅವ್ವ ಟ್ರಂಕು ತೆಗೆದು ಅಕ್ಕನ ಸೀರೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಿದ್ದರು. "ಇದು ಅವಳೇ ಕೂತು ನೇಯ್ದಿದ್ದು. ಒಂದ್ಸಲನೂ ಉಟ್ಟಿಲ್ಲ. ನಿಮ್ ಹುಡುಗೀಗೆ ಚೆಂದಾಗಿ ಒಪ್ತೈತೆ ನೋಡ್ರಿ." ಅಕ್ಕನ ಕಣ್ಣು ತೆರೆದಿತ್ತು. ನಾನು ಕೂಗಾಡಿದ್ದಕ್ಕೆ ನಿಮ್ಮ ಅವ್ವ ಏನಂದರು ನೆನಪಿದೆಯಾ? "ಅದಕ್ಕೇನ್ ಗೊತ್ತಾಗ್ತೈತೆ, ಸುಮ್ಕಿರೇ." ನೀವು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಿರಿ.

ಹೋದ ವರ್ಷ ಬಿ.ಜಿ. ಕೆರೆ ಹತ್ತಿರ ನಿಮ್ಮ ಬೈಕು ಉರುಳಿ ಅವಳ ತಲೆಗೆ ಪೆಟ್ಟಾದಂದಿನಿಂದ ಅವಳು ಕಣ್ಣು ಬಿಡುತ್ತಾಳೆ, ಮುಚ್ಚುತ್ತಾಳೆ, ಅಷ್ಟೇ. ಕರೆದರೆ ಓಗೊಡುವುದಿಲ್ಲ. ಕೈ ಹಿಡಿದರೆ ತಿರುಗಿ ಹಿಡಿಯುವುದಿಲ್ಲ. "ಅರಿವಿಲ್ಲ, ಮನೆಯಲ್ಲೇ ನೋಡಿಕೊಳ್ಳಿ" ಎಂದು ಆಸ್ಪತ್ರೆಯವರು ಕಳಿಸಿದರು. ನೀವೂ ನಂಬಿದಿರಿ, ನಾನೂ ನಂಬಿದೆ.

ಈಗ ನಂಬುವುದಿಲ್ಲ. ನನ್ನ ಕೆಲಸ ಏನೆಂದು ನಿಮಗೆ ಗೊತ್ತು. ಉಳ್ಳಾರ್ತಿ ಕಾವಲಿನ ಆಚೆಯ ನಮ್ಮ ಸಂಶೋಧನಾ ಕೇಂದ್ರದಲ್ಲಿ ಜನರ ತಲೆಗೆ ತಂತಿಯ ಟೋಪಿ ಹಾಕಿ, ಮಿದುಳಿನ ಅಲೆಗಳನ್ನು ಕಂಪ್ಯೂಟರಿನಲ್ಲಿ ಹಿಡಿಯುತ್ತೇನೆ. ಹೋದ ವರ್ಷ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಒಂದು ಅಧ್ಯಯನ ಪ್ರಕಟಿಸಿವೆ. ಅಕ್ಕನ ಹಾಗೆ ಏನು ಹೇಳಿದರೂ ಅಲುಗದೆ ಮಲಗಿದವರಿಗೆ "ಕೈ ಆಡಿಸುತ್ತಿದ್ದೀಯ ಎಂದು ಮನಸ್ಸಿನಲ್ಲೇ ಅಂದುಕೋ" ಎಂದು ಮತ್ತೆ ಮತ್ತೆ ಹೇಳಿ ನೋಡಿದ್ದಾರೆ. ನಾಲ್ವರಲ್ಲಿ ಒಬ್ಬರ ಮಿದುಳು ಹೇಳಿದಂತೆ ಮಾಡಿದೆ. ಬೆರಳು ಅಲುಗಿಲ್ಲ, ರೆಪ್ಪೆ ಅಲುಗಿಲ್ಲ, ಒಳಗೆ ಮಾತ್ರ ಮನುಷ್ಯ ಎಚ್ಚರವಾಗಿ ಕೂತಿದ್ದಾನೆ. ಅವರ ಮುಂದೆಯೂ ಮನೆಯವರು ಏನೇನು ಮಾತಾಡಿದ್ದರೋ.

ಮೂವರಲ್ಲಿ ಏನೂ ಕಾಣಲಿಲ್ಲ, ಅದನ್ನೂ ಹೇಳುತ್ತೇನೆ. ನಾನು ಸುಳ್ಳು ಹೇಳಿ ನಿಮ್ಮನ್ನು ಒಪ್ಪಿಸುವವಳಲ್ಲ. ಆದರೆ ಅಕ್ಕ ಆ ನಾಲ್ಕನೆಯವಳಲ್ಲ ಎಂದು ನಿಮಗೆ ಹೇಳಿದವರು ಯಾರು? ನಮ್ಮ ಡಾಕ್ಟರ್ ಚಂದ್ರಶೇಖರ್ ಟೋಪಿ ಮತ್ತು ಯಂತ್ರ ತಂದು ಮನೆಯಲ್ಲೇ ನೋಡಲು ಒಪ್ಪಿದ್ದಾರೆ. ನಿಮ್ಮ ಒಪ್ಪಿಗೆ ಇಲ್ಲದೆ ಬರುವಂತಿಲ್ಲವಂತೆ. ಒಪ್ಪಿಗೆ ಕೊಡಿ. ಅಲ್ಲಿಯವರೆಗೆ ನಿಮ್ಮ ಮದುವೆಯ ಮಾತನ್ನು ಹೊರಗಿನ ಜಗಲಿಯಲ್ಲಿ ಆಡಿ.

ಶ್ರೀವಾಣಿ

* * *

ಮೊಳಕಾಲ್ಮುರು
20 ಫೆಬ್ರವರಿ 2025

ವಾಣಿ,

ನಿನ್ನ ಕಾಗದ ಹರಿಯಲಿಲ್ಲ. ಎರಡು ಸಲ ಓದಿದೆ. ಎರಡು ಸಲವೂ ಮೈ ಉರಿಯಿತು. ಫೋನಿನಲ್ಲಾದರೆ ಬಾಯಿಗೆ ಬಂದದ್ದು ಬೈದುಬಿಡುತ್ತೇನೆ, ಅದಕ್ಕೇ ಬ್ಲಾಕ್ ತೆಗೆದಿಲ್ಲ.

ನೀನು ಬಂದದ್ದು ಯಾವಾಗ? ದಸರೆಗೆ ಒಂದು ಸಲ, ಮೊನ್ನೆ ಒಂದು ಸಲ. ಬಂದೆ, ಅತ್ತುಬಿಟ್ಟೆ, ನಮ್ಮ ಅವ್ವನ ಮೇಲೆ ಕೂಗಾಡಿದೆ, ಬಸ್ಸು ಹತ್ತಿದೆ. ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ ಮೂಗಿನ ನಳಿಕೆಯಲ್ಲಿ ಬಿಡುವವನು ನಾನು. ಗಂಟು ಉಳಿದರೆ ನಳಿಕೆ ಕಟ್ಟುತ್ತದೆ, ಕಟ್ಟಿದರೆ ದುರ್ಗದ ದೊಡ್ಡಾಸ್ಪತ್ರೆ ತನಕ ಓಡಬೇಕು. ಮಗ್ಗುಲು ಬದಲಿಸುವವನು ನಾನು. ಬಟ್ಟೆ ಬದಲಿಸುವವನು ನಾನು. ಅವಳ ಬೆನ್ನು ನೋಡಿದ್ದೀಯಾ? ಒಂದು ಹುಣ್ಣಿಲ್ಲ. ಆಸ್ಪತ್ರೆಯ ನರ್ಸೇ "ಯಾರ್ರೀ ನೋಡ್ಕೊಳ್ಳೋದು ಇವ್ರನ್ನ?" ಎಂದು ಕೇಳಿದಳು. ನೀನು ಕೇಳಲಿಲ್ಲ.

ಅವ್ವ ಸೀರೆ ತೆಗೆದದ್ದು ತಪ್ಪು, ಒಪ್ಪುತ್ತೇನೆ. ಆದರೆ ಅವ್ವನಿಗೂ ಮಂಡಿ ಮಡಿಸಲು ಆಗುತ್ತಿಲ್ಲ. ಮಗಳು ಕಾವ್ಯಳಿಗೆ ಐದು ವರ್ಷ. ಅವಳಿಗೆ ತಲೆ ಬಾಚುವವರು, ಜ್ವರ ಬಂದಾಗ ಪಕ್ಕದಲ್ಲಿ ಮಲಗುವವರು ಬೇಡವಾ? ದಿವ್ಯಳನ್ನು ಹೊರಗೆ ಹಾಕುತ್ತೇನೆ ಎಂದು ನಾನು ಯಾರಿಗೂ ಹೇಳಿಲ್ಲ. ಬರುವ ಹುಡುಗಿಗೂ ಹೇಳಿದ್ದೇವೆ, ದಿವ್ಯ ಈ ಮನೆಯಲ್ಲೇ ಇರುತ್ತಾಳೆ ಅಂತ.

ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ನಾನೂ ಅವಳ ಜೊತೆ ಮಾತಾಡುತ್ತಿದ್ದೆ. ಯಾರು ಬಂದರು, ಯಾರ ಮಗ್ಗಕ್ಕೆ ಯಾವ ಬಣ್ಣ ಹಾಕಿದರು, ಎಲ್ಲ ಹೇಳುತ್ತಿದ್ದೆ. ಅವಳ ಕಣ್ಣು ನನ್ನ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಮೇಲಿನ ತೊಲೆ ನೋಡುತ್ತಿತ್ತು. ಎಷ್ಟು ಕಾಲ ತೊಲೆಯ ಜೊತೆ ಮಾತಾಡಲಿ? ಬಿಟ್ಟೆ. ಬಿಟ್ಟ ಮೇಲೆ ರಾತ್ರಿ ನಿದ್ದೆ ಬಂತು. ಈಗ ನೀನು ನಾಲ್ವರಲ್ಲಿ ಒಬ್ಬರು ಎಂದು ಮೂಗಿಗೆ ತುಪ್ಪ ಸವರಲು ಬರುತ್ತೀಯಾ. ಬೇಡ. ನಿನ್ನ ಟೋಪಿ ನಿನ್ನ ಹತ್ತಿರವೇ ಇರಲಿ.

ದೇವೇಂದ್ರ

* * *

ಚಳ್ಳಕೆರೆ
3 ಮಾರ್ಚ್ 2025

ಬಾವ,

ಅವಳ ಬೆನ್ನಿನಲ್ಲಿ ಹುಣ್ಣಿಲ್ಲ. ಸರಿ. ಕೈ ಮುಗಿಯುತ್ತೇನೆ, ನಿಜವಾಗಿಯೂ ಮುಗಿಯುತ್ತೇನೆ. ಆದರೆ ಬೆನ್ನು ತೊಳೆದವನಿಗೆ ಅವಳು ಇಲ್ಲ ಎಂದು ತೀರ್ಪು ಕೊಡುವ ಹಕ್ಕು ಬರುವುದಿಲ್ಲ.

ನಿಮಗೆ ಬೇಕಾಗಿರುವುದು ಅವಳು ಇಲ್ಲದಿರುವುದು. ಅವಳು ಇಲ್ಲ ಎಂದಾದರೆ ಇದು ಎರಡನೆಯ ಮದುವೆ ಅಲ್ಲ, ಪಾಪ, ಮಗುವಿಗಾಗಿ ಮಾಡಿಕೊಂಡದ್ದು. ಅವಳು ಇದ್ದಾಳೆ ಎಂದಾದರೆ ಹೆಂಡತಿಯ ಕಣ್ಣೆದುರೇ ಇನ್ನೊಬ್ಬಳನ್ನು ತರುವುದು. ನನ್ನ ಟೋಪಿಗೆ ಯಾಕೆ ಹೆದರುತ್ತೀರಿ ಎಂದು ನನಗೆ ಗೊತ್ತು. ಅದು ಏನೂ ತೋರಿಸದಿದ್ದರೆ ಎಂಬ ಹೆದರಿಕೆಯಲ್ಲ. ತೋರಿಸಿಬಿಟ್ಟರೆ ಎಂಬುದು.

ನಾನು ಹೇಳಿದ್ದು ಸುಳ್ಳಾಗಿದ್ದರೆ ಒಪ್ಪಿಗೆ ಕೊಟ್ಟು ತೋರಿಸಿ.

ಶ್ರೀವಾಣಿ

* * *

ಮೊಳಕಾಲ್ಮುರು
14 ಮಾರ್ಚ್ 2025

ವಾಣಿ,

ನಾಲಿಗೆ ಅಲ್ಲ ನಿನ್ನದು, ಬಡಗಿಯ ಬಾಚಿ. ಓದಿಸಿದ ನಿಮ್ಮ ಅಪ್ಪನಿಗೆ ಹೇಳಬೇಕು.

ಯುಗಾದಿ ಕಳೆದ ಮೇಲೆ ಎಲೆಅಡಿಕೆ ಬದಲಾಯಿಸುವುದು ಎಂದು ಮಾತಾಗಿತ್ತು. ತಡೆಯಲು ಹೇಳಿದ್ದೇನೆ. ಏಪ್ರಿಲ್‌ನಲ್ಲಿ ನಿನ್ನ ಡಾಕ್ಟರನ್ನು ಕರೆದುಕೊಂಡು ಬಾ. ಒಂದೇ ಸಲ. ಏನೂ ಕಾಣದಿದ್ದರೆ ನೀನು ನನ್ನ ಮದುವೆಗೆ ಬಂದು, ಎಲೆಯ ಮುಂದೆ ಕೂತು, ಬಾಯಿ ಮುಚ್ಚಿಕೊಂಡು ಊಟ ಮಾಡಿ ಹೋಗಬೇಕು. ಮುಂದೆ ಯಾವತ್ತೂ ಈ ಮಾತು ಎತ್ತಬಾರದು. ಒಪ್ಪಿಗೆಯಿದ್ದರೆ ಬಾ.

ದೇವೇಂದ್ರ

* * *

ಚಳ್ಳಕೆರೆ
18 ಏಪ್ರಿಲ್ 2025

ಬಾವ,

ಏನೂ ಕಾಣಲಿಲ್ಲ. ನಿಮಗೆ ಅಂದೇ ಡಾಕ್ಟರ್ ಹೇಳಿದ್ದಾರೆ, ನಾನೂ ಬರೆದು ಹೇಳುತ್ತಿದ್ದೇನೆ. ಅಷ್ಟು ಹೊತ್ತು ಪರದೆ ನೋಡಿದೆವು. ರೆಕಾರ್ಡ್ ಮಾಡಿದ ನನ್ನ ದನಿ "ಮುಷ್ಟಿ ಕಟ್ಟುವುದನ್ನು ಊಹಿಸಿ" ಎಂದಾಗಲೂ ಅದೇ ಗೆರೆ, "ವಿಶ್ರಮಿಸಿ" ಎಂದಾಗಲೂ ಅದೇ ಗೆರೆ. ಯಂತ್ರವನ್ನು ಎತ್ತಿ ನಿಮ್ಮ ಮಗ್ಗದ ಗುಂಡಿಗೆ ಎಸೆಯಬೇಕು ಅನ್ನಿಸಿತು.

ಎಲೆಯ ಮುಂದೆ ಕೂರಲು ಹೇಳುವ ಮುಂಚೆ ಇನ್ನೊಂದು ಮಾತು ಕೇಳಿ. ಹೇಳಬಾರದು ಎಂದು ಎರಡು ದಿನ ತಡೆದುಕೊಂಡೆ, ಆಗಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಡಾಕ್ಟರ್ ಕೇಳಿದರು, "ಮನೇಲಿ ನೀವೆಲ್ಲ ಯಾವ ಭಾಷೆ ಮಾತಾಡ್ತೀರಾ?" ತೆಲುಗು, ಓದು ಬರಹ ಮಾತ್ರ ಕನ್ನಡ ಎಂದೆ. "ಮತ್ತೆ ರೆಕಾರ್ಡ್ ಮಾಡಿದ್ದು ಕನ್ನಡದಲ್ಲಿ?" ಹೌದು ಎಂದೆ. ಅಕ್ಕನಿಗೆ ಕನ್ನಡ ಬರುತ್ತದಲ್ಲ ಸರ್, ಎಸ್ಸೆಸ್ಸೆಲ್ಸಿ ತನಕ ಓದಿದ್ದಾಳೆ ಎಂದೆ. "ಅವರನ್ನ ಏನಂತ ಕರೆದಿದ್ದೀರಾ ಅದ್ರಲ್ಲಿ?" ದಿವ್ಯಶ್ರೀಯವರೇ ಎಂದು ಕರೆದಿದ್ದೆ. ಕೇಂದ್ರದಲ್ಲಿ ಎಲ್ಲರಿಗೂ ಹಾಗೇ ಹೇಳುತ್ತೇವೆ. ಡಾಕ್ಟರ್ "ದಿನಾ ಅವರು ಕೈಯಲ್ಲಿ ಮಾಡ್ತಿದ್ದ ಕೆಲಸ ಏನು, ಯಾರ ಜೊತೆ ಮಾಡ್ತಿದ್ರು?" ಎಂದರು.

ಏನು ಹೇಳಲಿ? ನಾನೂ ಮಗ್ಗದ ಮನೆಯವಳೇ. ಅಡ್ಡನೂಲು ಹಾಯಿಸುವ ಲಾಳಿ ಮೂರಿದ್ದರೆ ಆ ಸೀರೆ ಒಬ್ಬರಿಂದ ಆಗುವುದಿಲ್ಲ ಎಂದು ಹೇಳಿದೆ. ಒಡಲು ಒಂದು ಬಣ್ಣ, ಎರಡು ಅಂಚೂ ಬೇರೆ ಬಣ್ಣ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಒಡಲಿನ ಲಾಳಿ, ಬಲ ಅಂಚಿನ ಲಾಳಿ ನೋಡಿಕೊಳ್ಳುತ್ತಾನೆ. ಎಡ ಅಂಚಿನದು ಪಕ್ಕದಲ್ಲಿ ಕೂತವರದು. ಅಕ್ಕ ಮದುವೆಯಾದಾಗಿನಿಂದ ನಿಮ್ಮ ಎಡಕ್ಕೆ ಕೂತಳು. ನೀವು "ವೆಯ್" ಎಂದರೆ ಅವಳು ಎಸೆಯುತ್ತಿದ್ದಳು. ವೆಯ್ ಎಂದರೆ ಎಸೆ ಎಂದು ಡಾಕ್ಟರಿಗೆ ಅರ್ಥ ಹೇಳಿದೆ.

ಅವರು ಬೈದೇಬಿಟ್ಟರು. "ಇದನ್ನ ಮೊದಲೇ ಹೇಳಬಾರದಿತ್ತಾ? ಅಷ್ಟು ವರ್ಷ ಕೇಳಿದ ದನಿ ಮನೇಲಿತ್ತು. ನೀವು ಅದನ್ನ ಅಂಗಳಕ್ಕೆ ಕಳಿಸಿದ್ರಿ." ನಿಮ್ಮನ್ನು ಅಂಗಳಕ್ಕೆ ಕಳಿಸಿದ್ದು ನಾನೇ. ನಿಮ್ಮ ನೆರಳೂ ಆ ಕೋಣೆಯಲ್ಲಿ ಬೀಳಬಾರದು ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಇನ್ನೊಂದು ಸಲ ನೋಡಬೇಕಂತೆ. ನಿಮ್ಮ ದನಿ ಬೇಕಂತೆ. ಇದನ್ನು ಬರೆಯುವಾಗ ನನಗೆ ಎಷ್ಟು ಸಿಟ್ಟು ಬರುತ್ತಿದೆ ಎಂದರೆ ಪೆನ್ನಿನ ಮೊನೆ ಕಾಗದಕ್ಕೆ ಚುಚ್ಚುತ್ತಿದೆ. ದಯವಿಟ್ಟು ಎನ್ನುವ ಪದ ಬರೆಯಬೇಕು. ಬರೆದಿದ್ದೇನೆ. ದಯವಿಟ್ಟು.

ಶ್ರೀವಾಣಿ

* * *

ಮೊಳಕಾಲ್ಮುರು
6 ಮೇ 2025

ವಾಣಿ,

ನೀನು ಮಾತು ಕೊಟ್ಟಿದ್ದೆ, ಸೋತೆ, ಮತ್ತೆ ಬಂದು ಬಾಗಿಲು ಬಡಿಯುತ್ತೀಯಾ. ಅವ್ವ "ಈ ಹುಡುಗೀಗೆ ನಾಚ್ಕೆ ಅನ್ನೋದೇ ಇಲ್ವಲ್ಲೋ" ಎಂದಳು. ನನಗೂ ಹಾಗೇ ಅನ್ನಿಸಿತು.

ಅಪಘಾತ ಆದಮೇಲೆ ಅವಳ ಜಾಗದಲ್ಲಿ ನಾನು ಯಾರನ್ನೂ ಕೂರಿಸಿಲ್ಲ. ಒಬ್ಬನೇ ಮಾಡಬಹುದಾದ ಸಾದಾ ಸೀರೆ ನೇಯುತ್ತಿದ್ದೇನೆ. ಆ ಒಂದು ಮಾತು ನನ್ನ ಬಾಯಿಂದ ಬಂದು ವರ್ಷವಾಗುತ್ತಾ ಬಂತು. ಈಗ ನೀನು ಅದನ್ನೇ ಕೂಗು ಎನ್ನುತ್ತೀಯಾ. ನೀನು ಕರೆದಾಗ ಅವಳು ಬರಲಿಲ್ಲ, ಯಂತ್ರ ಸರಿಯಿಲ್ಲ, ಭಾಷೆ ಸರಿಯಿಲ್ಲ ಎಂದು ನೀನು ಅಂದುಕೊಂಡೆ. ನಾನು ಕರೆದೂ ಬರದಿದ್ದರೆ? ಆಮೇಲೆ ನಾನು ಏನಂದುಕೊಳ್ಳಬೇಕು? ಬೈಕು ಓಡಿಸಿದವನು ನಾನು. ಇದನ್ನು ನಿಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ನೀನಂತೂ ಯೋಚಿಸಲಿಲ್ಲ.

ಜೂನ್ ಮೊದಲ ವಾರ ಬನ್ನಿ. ನಿನ್ನ ಮಾತಿಗಲ್ಲ. ಕೂಗದೆ ಇದ್ದರೂ ಇನ್ನು ನನಗೆ ನಿದ್ದೆ ಬರುವುದಿಲ್ಲ.

ದೇವೇಂದ್ರ

* * *

ಮೊಳಕಾಲ್ಮುರು
12 ಜೂನ್ 2025

ವಾಣಿ,

ಆ ದಿನ ನೀನು ಪರದೆಯ ಹತ್ತಿರ ನಿಂತಿದ್ದೆ, ಆಮೇಲೆ ನೇರ ಕಾರಿನಲ್ಲಿ ಹೋಗಿ ಕೂತೆ. ನಾನು ಗುಂಡಿಯಲ್ಲಿದ್ದವನು. ಅಲ್ಲಿಂದ ನನಗೆ ಕಂಡದ್ದನ್ನು ಬರೆಯುತ್ತೇನೆ.

ಡಾಕ್ಟರ್ ಹೇಳಿದಂತೆ ಮಂಚವನ್ನು ಮಗ್ಗದ ಎಡಕ್ಕೆ ಎಳೆದೆವು, ಅವಳು ಕೂರುತ್ತಿದ್ದ ಕಡೆಗೆ. ನಾನು ಗುಂಡಿಗೆ ಇಳಿದು ತುಳಿಗೆಯ ಮೇಲೆ ಕಾಲಿಟ್ಟೆ. ಮೊದಲು ಅವಳಿಗೆ ನಮ್ಮ ಮಾತಿನಲ್ಲೇ ಹೇಳಿದೆ, ನಾನು ಕೂಗಿದಾಗ ಮನಸ್ಸಿನಲ್ಲೇ ಲಾಳಿ ಎಸಿ, ಕೈ ಏಳದಿದ್ದರೆ ಬೇಡ ಅಂತ. ನಂತರ ಒಡಲಿನ ಲಾಳಿ ಎಸೆದೆ. ಕೂಗಿದೆ. "ವೆಯ್."

ನಾನು ಪರದೆ ನೋಡಲಿಲ್ಲ, ನಿನ್ನ ಮುಖ ನೋಡಿದೆ. ನಿನ್ನ ಮುಖ ನೋಡಿಯೇ ಗೊತ್ತಾಯಿತು, ಗೆರೆ ಎದ್ದಿದೆ ಅಂತ.

ಡಾಕ್ಟರ್ ಕುಣಿಯಲಿಲ್ಲ. "ಅಭ್ಯಾಸ ಬಲಕ್ಕೂ ಮಿದುಳು ಹೀಗೆ ಮಾಡಬಹುದು. ದನಿ ಕೇಳ್ತು, ತಾನಾಗಿ ಎದ್ದಿತು ಅಷ್ಟೇ ಇರಬಹುದು. ಈಗ ಅವರಿಗೆ ಹೇಳಿ, ಕೂಗಿದ್ರೂ ಎಸೀಬೇಡ ಅಂತ" ಎಂದರು. ನಾನು ಹೇಳಿದೆ. "ದಿವ್ಯಾ, ನೇನು ವೆಯ್ ಅಂಟಾನು. ನುವ್ವು ವೆಯ್ಯೊದ್ದು." ನಾನು ಕೂಗುತ್ತೇನೆ, ನೀನು ಎಸೆಯಬೇಡ. ಕೂಗಿದೆ. ಮತ್ತೆ ಕೂಗಿದೆ. ಗೆರೆ ಏಳಲಿಲ್ಲ. ಎಸಿ ಎಂದಾಗ ಎದ್ದಿತು, ಬೇಡ ಎಂದಾಗ ಸುಮ್ಮನಿತ್ತು. ಅದಲುಬದಲು ಮಾಡಿ ಎಷ್ಟೋ ಸಲ ನೋಡಿದ ಮೇಲೆ ಡಾಕ್ಟರ್ ಕನ್ನಡಕ ತೆಗೆದು, "ಕೇಳಿಸಿಕೊಳ್ತಿದ್ದಾರೆ. ಅರ್ಥ ಆಗ್ತಿದೆ" ಎಂದರು.

ನನಗೆ ಖುಷಿಯಾಗಬೇಕಿತ್ತು. ಸಿಟ್ಟು ಬಂತು, ವಾಣಿ. ತಡೆಯಲಾಗದ ಸಿಟ್ಟು. ನೀವು ಹೋದ ಮೇಲೆ ಮಂಚದ ಪಕ್ಕ ನಿಂತು ಕಿರುಚಿದೆ. ಇಷ್ಟು ದಿನ ಇಲ್ಲೇ ಇದ್ದೆಯಲ್ಲೇ, ನಾನು ನಿನ್ನ ಕಾಲು ಹಿಡಿದು ಅತ್ತಾಗಲೂ ಇಲ್ಲೇ ಇದ್ದೆಯಲ್ಲೇ, ಒಂದು ರೆಪ್ಪೆ ಬಡಿಯೋಕೆ ನಿನಗೇನು ರೋಗ ಎಂದೆ. ರೋಗವೇ ಅದು ಎಂದು ಆಮೇಲೆ ನೆನಪಾಯಿತು. ಅವಳು ತೊಲೆ ನೋಡುತ್ತಿದ್ದಳು.

ಪ್ರಶ್ನೆ ಕೇಳಿ ಹೌದು, ಅಲ್ಲ ಎಂದು ಉತ್ತರ ತೆಗೆಯಲು ಈ ಯಂತ್ರದಲ್ಲಿ ಇನ್ನೂ ಆಗುವುದಿಲ್ಲ, ಕಾಯಬೇಕು ಎಂದರು ಡಾಕ್ಟರ್. ಅವಳು ಮನಸ್ಸಿನಲ್ಲಿ ನನ್ನನ್ನು ಏನೆಂದುಕೊಂಡಿದ್ದಾಳೋ ಗೊತ್ತಾಗುವಂತಿಲ್ಲ. ಅವಳಿಗೆ ಮಾತ್ರ ನನ್ನದೆಲ್ಲ ಗೊತ್ತು.

ಅವ್ವ ಅಂದು ಅಡಿಗೆಮನೆಯಿಂದ ಹೊರಗೇ ಬರಲಿಲ್ಲ. ಮರುದಿನ ಬೆಳಿಗ್ಗೆ ಬಾಚಣಿಗೆ ತಂದು ಮಂಚದ ತುದಿಯಲ್ಲಿ ಕೂತು ದಿವ್ಯಳ ತಲೆ ಬಾಚಿದಳು. ಬಾಚುತ್ತಾ, "ಬೈಯಮ್ಮ ನನ್ನ. ಬೈಯೋಕಾದ್ರೂ ಬಾಯಿ ಬಿಡೇ ತಾಯಿ" ಎಂದಳು. ನನ್ನ ಅವ್ವ ಪಾಲಮ್ಮ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ, ನಿನಗೆ ಗೊತ್ತು.

ರಾಯದುರ್ಗಕ್ಕೆ ಬೇಡ ಎಂದು ಹೇಳಿ ಕಳಿಸಿದೆ. ನೀನು ಗೆದ್ದೆ. ಆದರೆ ನಾನು ದೇವರಾದೆ ಎಂದುಕೊಳ್ಳಬೇಡ. ನನಗೆ ಇನ್ನೂ ಮೂವತ್ತೇಳು. ಇಲ್ಲ ಎಂದುಕೊಂಡು ಅವಳನ್ನು ನೋಡಿಕೊಳ್ಳುವುದು ಸುಲಭವಿತ್ತು. ಇದ್ದಾಳೆ ಎಂದುಕೊಂಡು ಬಟ್ಟೆ ಬದಲಿಸುವಾಗ ಮುಖ ಆಚೆ ತಿರುಗಿಸುತ್ತೇನೆ. ಇನ್ನು ಮುಂದೆ ದಿನಾ ಹೀಗೆ. ಇದಕ್ಕೆ ನಿನ್ನ ಅಧ್ಯಯನದಲ್ಲಿ ಏನಾದರೂ ಬರೆದಿದ್ದಾರಾ?

ಬ್ಲಾಕ್ ತೆಗೆದಿದ್ದೇನೆ. ನೀನಾಗಿ ಫೋನ್ ಮಾಡಲಿಲ್ಲ. ಗೆದ್ದವಳಿಗೆ ಇಷ್ಟು ಮುನಿಸು ಯಾಕೆ?

ದೇವೇಂದ್ರ

* * *

ಚಳ್ಳಕೆರೆ
21 ಜೂನ್ 2025

ಅಕ್ಕಾ,

ಇದು ನಿನಗೆ ಬರೆದದ್ದು. ಓದಿ ಹೇಳುವವನು ನಿನ್ನ ಗಂಡ, ಬೇರೆ ದಾರಿಯಿಲ್ಲ. ನನಗೆ ಯಾಕೆ ಮುನಿಸು ಎಂದು ಅವರು ಕೇಳಿದ್ದಾರೆ. ಅವರಿಗೆ ಯಾಕೆ ಹೇಳಲಿ, ನಿನಗೇ ಹೇಳುತ್ತೇನೆ.

ನಿನ್ನ ಮೇಲೆ ಮುನಿಸು. ನಿನಗಾಗಿ ಇಡೀ ಮನೆಯ ಜೊತೆ ಜಗಳ ಕಾದವಳು ನಾನು. ಡಾಕ್ಟರ ಬೆನ್ನು ಬಿದ್ದು ಒಪ್ಪಿಸಿದವಳು ನಾನು. ನಿನ್ನ ತಲೆಗೆ ಟೋಪಿ ಹಾಕಿ, ಒಂದೊಂದು ಕೂದಲನ್ನೂ ಸರಿಸಿ, ಚುಚ್ಚದ ಹಾಗೆ ತಂತಿ ಕೂರಿಸಿದವಳು ನಾನು. ನಿನ್ನ ಕಿವಿಯಲ್ಲಿ ನನ್ನ ದನಿಯೇ ಅಷ್ಟು ಹೊತ್ತು ಬೇಡಿಕೊಂಡಿತು. ನೀನು ಒಂದು ಅಲೆ ಎಬ್ಬಿಸಲಿಲ್ಲ. ಅವರು ಗುಂಡಿಗೆ ಇಳಿದು ಒಂದು ಸಲ ವೆಯ್ ಎಂದರು, ಎದ್ದುಬಿಟ್ಟೆ. ಸವತಿಯ ಕಡೆಯವರಿಗೆ ಸೀರೆ ತೋರಿಸುವಾಗ ಬಾಗಿಲಲ್ಲಿ ನಿಂತು ನೆಲ ನೋಡಿದವನ ದನಿಗೆ! ನಿನಗೆ ನಾಚಿಕೆಯಿಲ್ಲವೇನೇ?

ಪರದೆಯ ಮೇಲೆ ಗೆರೆ ಎದ್ದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ. ಮಿದುಳಿನ ಮೂಲೆಯಲ್ಲೂ ಹೆಂಗಸು ಗಂಡನ ಅಪ್ಪಣೆಗೆ ಕಾಯುತ್ತಾಳಲ್ಲ ಎಂದು ಸಿಟ್ಟು ಬಂತು. ಆಮೇಲೆ ಅವರು ಬೇಡ ಎಂದರು, ನೀನು ಸುಮ್ಮನಾದೆ. ಅದನ್ನೂ ಅವರ ಮಾತು ಕೇಳಿದ್ದು ಎಂದೇ ಎಣಿಸಿದೆ. ಕಾರಿನಲ್ಲಿ ಇಡೀ ದಾರಿ ಹಲ್ಲು ಕಡಿದೆ.

ದಿನ ಕಳೆದ ಮೇಲೆ ಬೇರೆ ಯೋಚನೆ ಬಂತು. ನೀನು ಸೇಡು ತೀರಿಸಿಕೊಳ್ಳಬಹುದಿತ್ತು. ಅವರು ಎಷ್ಟು ಕೂಗಿದರೂ ಸುಮ್ಮನೆ ಇದ್ದುಬಿಟ್ಟಿದ್ದರೆ ಸಾಕಿತ್ತು. ನಿನ್ನ ಎದುರೇ ಅಷ್ಟೆಲ್ಲ ಆಡಿದವರಿಗೆ ನೀನು ಕೊಡಬಹುದಾಗಿದ್ದ ಶಿಕ್ಷೆ ಅದೊಂದೇ. ಕೊಡಲಿಲ್ಲ. ಮಗ್ಗದಲ್ಲಿ ಅವರ ಕೂಗಿಗೆ ನೀನು ಎಸೆಯುತ್ತಿದ್ದ ಹಾಗೆ, ನೀನು ಎಸೆಯದೆ ಅವರ ಕೈಯೂ ಮುಂದೆ ಹೋಗುತ್ತಿರಲಿಲ್ಲ ಅಲ್ಲವಾ? ನಾನು ಮಗ್ಗ ಬಿಟ್ಟು ಓದಲು ಹೋದವಳು, ಪಕ್ಕದಲ್ಲಿ ಕೂತವಳ ಕಷ್ಟ ಮಾತ್ರ ನೋಡಿದ್ದೆ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ನೀನು ಕ್ಷಮಿಸಿದ್ದೀಯಾ ಎಂಬುದೂ ನನಗೆ ಗೊತ್ತಿಲ್ಲ. ಎಸೆದದ್ದು ಕ್ಷಮೆಗೋ, ನಾನು ಇಲ್ಲೇ ಇದ್ದೇನೆ ಮೂರ್ಖಾ ಎನ್ನುವುದಕ್ಕೋ, ನಿನಗೇ ಗೊತ್ತು.

ಸಿಟ್ಟು ಬಂದಿದ್ದರೆ ಹಾಗೇ ಇಟ್ಟುಕೊಂಡಿರು, ಅಕ್ಕ. ಆರಿಸಿಕೊಳ್ಳಬೇಡ. ಹೌದು, ಅಲ್ಲ ಎಂದು ಹೇಳಿಸುವ ಯಂತ್ರ ಬರುವ ತನಕ ನನಗೆ ಬೇಕಾಗಿರುವುದು ನೀನು, ನಿನ್ನ ಸಿಟ್ಟಿನ ಸಮೇತ.

ಮುಂದಿನ ವಾರ ಭಾನುವಾರ ಬರುತ್ತೇನೆ. ಈ ಸಲ ಕೂಗಾಡುವುದಿದ್ದರೆ ನಿನ್ನ ಜೊತೆಯೇ ಕೂಗಾಡುತ್ತೇನೆ.

ನಿನ್ನ ತಂಗಿ,
ವಾಣಿ

ಬಾವ, ನಿಮ್ಮನ್ನು ಬೈದಿರುವ ಸಾಲುಗಳನ್ನು ಬಿಟ್ಟು ಓದಬೇಡಿ. ಪೂರ್ತಿ ಓದಿದಿರೋ ಇಲ್ಲವೋ ಎಂದು ಒಂದು ದಿನ ಅವಳನ್ನೇ ಕೇಳುತ್ತೇನೆ.